ಬೆಳ್ಳಿಚುಕ್ಕಿ ಲಾರಿಗಳ ಹಳೇ ರೂಢಿ

ಲಾರಿಗಳು ಚಾಲಕರಿಲ್ಲದೆ ತಾವೇ ಓಡತೊಡಗಿ ಬಹಳ ವರ್ಷಗಳಾಗಿದ್ದವು. ಅವುಗಳ ಮಾಲೀಕರು ಮಾತ್ರ ಮೊದಲಿನಂತೆಯೇ ಇದ್ದರು. ಒಂದು ಕಂಪನಿಯ ಲಾರಿಗಳು ಮೇಲಿಂದ ಮೇಲೆ ಅಪಘಾತ ಮಾಡಿ ಸರ್ಕಾರ ಅದರ ನೋಂದಣಿ ರದ್ದುಪಡಿಸಿತೆನ್ನಿ; ಮಾಲೀಕರು ಬೋರ್ಡು ಇಳಿಸಿ, ಲಾರಿಗಳಿಗೆ ಬೇರೆ ಬಣ್ಣ ಹೊಡೆಸಿ, ಬೇರೆ ಹೆಸರಿನಲ್ಲಿ ಹೊಸ ಅರ್ಜಿ ಹಾಕುತ್ತಿದ್ದರು. ಹೊಸ ಹೆಸರಿನ ಮೇಲೆ ಹಿಂದಿನ ಅಪಘಾತ ಒಂದೂ ಇರುತ್ತಿರಲಿಲ್ಲ. ನಿನ್ನೆ ಹುಟ್ಟಿದ ಕೂಸಿನಷ್ಟು ಶುದ್ಧ. ಈ ಆಟ ನಿಲ್ಲಿಸಲೆಂದೇ ಹುಬ್ಬಳ್ಳಿಯ ಗಬ್ಬೂರು ಕ್ರಾಸಿನ ಆಚೆ ಸರಕು ಸಾಗಣೆ ಪರಿಶೀಲನಾ ಕೇಂದ್ರವೊಂದನ್ನು ತೆರೆದಿದ್ದರು. ಅಲ್ಲಿ ಕಂಪನಿಯ ಸುರಕ್ಷತೆಯ ಚರಿತ್ರೆ ಕೆದಕಿ, ಲಾರಿಗಳನ್ನು ಓಡಿಸಿ ನೋಡಿ, ಆಮೇಲೆ ನೋಂದಣಿ ಕೊಡುತ್ತಿದ್ದರು.

ದಾಕ್ಷಾಯಣಿ ಕುಬಸದ ಅಲ್ಲಿ ಹಿರಿಯ ಪರಿಶೀಲನಾಧಿಕಾರಿ. ನಡುವಯಸ್ಸು, ಮಾತು ಕಡಿಮೆ, ಕೆಲಸದಲ್ಲಿ ಅವಸರವಿಲ್ಲ. ಮನೆಯಿಂದ ಹೊರಡುವಾಗ ಗ್ಯಾಸ್ ಬಂದ್ ಮಾಡಿದ್ದೇನೆಯೇ ಎಂದು ಒಳಗೆ ಹೋಗಿ ನೋಡಿ, ಚಪ್ಪಲಿ ಮೆಟ್ಟಿ, ಮತ್ತೆ ಚಪ್ಪಲಿ ಬಿಟ್ಟು ಇನ್ನೊಮ್ಮೆ ನೋಡಿ ಬರುವ ಸ್ವಭಾವ. ಗಂಡ ಈರಣ್ಣ ಕಾಲೇಜಿನಲ್ಲಿ ಭೂಗೋಳ ಕಲಿಸುತ್ತಿದ್ದ. ಹೆಂಡತಿ ಮೂರನೇ ಸಲ ಒಳಗೆ ಹೋಗದಂತೆ ಬಾಗಿಲಿಗೆ ಅಡ್ಡ ನಿಲ್ಲುವುದು ಅವನ ಬೆಳಗಿನ ಕೆಲಸಗಳಲ್ಲಿ ಒಂದಾಗಿತ್ತು.

ಆ ವರ್ಷದ ಬೇಸಿಗೆಯಲ್ಲಿ ಬೆಳ್ಳಿಚುಕ್ಕಿ ಕ್ಯಾರಿಯರ್ಸ್ ಎಂಬ ಹೊಸ ಕಂಪನಿಯ ಅರ್ಜಿ ಬಂತು. ಹುಬ್ಬಳ್ಳಿಯಿಂದ ಅರಬೈಲ್ ಘಟ್ಟ ಇಳಿದು ಕರಾವಳಿಯ ಊರುಗಳಿಗೆ ಅಡುಗೆ ಅನಿಲ ಸಾಗಿಸಲು ಅವರಿಗೆ ಪರವಾನಗಿ ಬೇಕಿತ್ತು. ಅರ್ಜಿಯ ಕೆಳಗೆ ಮಾಲೀಕನ ಹೆಸರು ಓದಿ ದಾಕ್ಷಾಯಣಿ ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದಳು. ರುದ್ರಣ್ಣ ಅಣ್ಣಿಗೇರಿ. ಅವಳ ಅತ್ತೆ ಶಿವಲಿಂಗವ್ವನ ತಂಗಿಯ ಮಗ. ತಾಯಿ ಬೇಗ ತೀರಿಕೊಂಡದ್ದರಿಂದ ಶಿವಲಿಂಗವ್ವನ ಕೈಯಲ್ಲೇ ಉಂಡು ಬೆಳೆದವನು, ಅವಳನ್ನು ದೊಡ್ಡವ್ವ ಎನ್ನುವನು, ಅಣ್ಣನ ಹೆಂಡತಿಯಾದ ದಾಕ್ಷಾಯಣಿಯನ್ನು ವೈನಿ ಎನ್ನುವನು. ಬೆಳಗಾವಿಯ ಕಡೆ ಯಾರದೋ ಜೊತೆ ಟ್ರಾನ್ಸ್‌ಪೋರ್ಟ್ ಕೆಲಸ ನೋಡುತ್ತಾನೆ ಎಂಬುದಷ್ಟೇ ಮನೆಯವರಿಗೆ ಗೊತ್ತಿತ್ತು.

ಅವಳು ಕೂಡಲೇ ಮುಖ್ಯಾಧಿಕಾರಿಯ ಕೋಣೆಗೆ ಹೋಗಿ, ಇವರು ನನ್ನ ಸಂಬಂಧಿಕರು, ಈ ಅರ್ಜಿಯನ್ನು ಬೇರೆಯವರಿಗೆ ಕೊಡಿ ಎಂದು ಕೇಳಿದಳು. ಮುಖ್ಯಾಧಿಕಾರಿ ಯೋಚಿಸಿದರು. ಎರಡನೇ ಅಧಿಕಾರಿ ರುದ್ರಣ್ಣನ ಹೆಂಡತಿಯ ಅಣ್ಣ. ಮೂರನೆಯವರು ಅವನ ಶಾಲೆಯ ಗೆಳೆಯ.

"ಹುಬ್ಬಳ್ಳಿಯಾಗ ಸಂಬಂಧ ಇಲ್ಲದವ್ರು ಬೇಕಂದ್ರ ಹೊರದೇಶದಿಂದ ತರಿಸಬೇಕಾಗ್ತೈತ್ರಿ" ಎಂದರು ಅವರು. "ನೀವ ನೋಡ್ರಿ. ತಿಂಗಳ ಕಡೀತನಕ ನೀವು ತಕರಾರು ಬರೀಲಿಲ್ಲಂದ್ರ ನೋಂದಣಿ ತಾನ ಆಗಿಬಿಡ್ತೈತಿ, ಅದೊಂದು ನೆನಪಿರಲಿ."

ಪರೀಕ್ಷಾ ಮೈದಾನದಲ್ಲಿ ಬೆಳ್ಳಿಚುಕ್ಕಿಯ ಲಾರಿಗಳು ಸಾಲಾಗಿ ಬಂದು ನಿಂತಾಗ ಕೇಂದ್ರದವರೆಲ್ಲ ನೋಡಲು ಹೊರಗೆ ಬಂದರು. ಹಾಲಿನ ಬಣ್ಣ, ಬಾಗಿಲ ಮೇಲೆ ಮಿನುಗುವ ಚುಕ್ಕಿ. ಅವು ಅಡ್ಡ ಬಂದ ರಬ್ಬರಿನ ಎಮ್ಮೆಗೆ ದಾರಿ ಬಿಟ್ಟವು, ಚೆಂಡಿನ ಹಿಂದೆ ಓಡಿಬಂದ ಗೊಂಬೆ ಮಗುವಿನ ಮುಂದೆ ಗಕ್ಕನೆ ನಿಂತವು, ಕೆಂಪು ದೀಪಕ್ಕೆ ತಲೆಬಾಗಿದವು. ತಪ್ಪು ಒಂದೂ ಇಲ್ಲ. ದಾಕ್ಷಾಯಣಿಗೆ ಸಮಾಧಾನವಾಯಿತು. ಮನೆಯಲ್ಲಿ ಜಗಳವಿಲ್ಲದೆ ಈ ಕೆಲಸ ಮುಗಿಯುವುದಾದರೆ ಯಾರಿಗೆ ಬೇಡ?

ಭಾನುವಾರ ರುದ್ರಣ್ಣ ದೊಡ್ಡವ್ವನನ್ನು ನೋಡುವ ನೆಪದಲ್ಲಿ ಮನೆಗೆ ಬಂದ. ತುಂಬು ಮೈ, ಅಗಲ ನಗು, ಬಾಗಿಲಲ್ಲೇ ಕಾಲಿಗೆ ಬೀಳುವ ವಿನಯ. ಕೈಯಲ್ಲಿ ಗೋಕಾಕದ ಕರದಂಟಿನ ದೊಡ್ಡ ಡಬ್ಬಿ. ದಾಕ್ಷಾಯಣಿ, ಅರ್ಜಿ ನನ್ನ ಮೇಜಿನ ಮೇಲಿರುವವರೆಗೆ ನಿಮ್ಮ ಕೈಯಿಂದ ಈ ಮನೆಯಲ್ಲಿ ಏನೂ ತೆಗೆದುಕೊಳ್ಳುವಂತಿಲ್ಲ ಎಂದು ಡಬ್ಬಿಯನ್ನು ಅವನ ಕಡೆಗೇ ಸರಿಸಿದಳು. ಶಿವಲಿಂಗವ್ವ ಅದನ್ನು ಮತ್ತೆ ತನ್ನ ಕಡೆ ಎಳೆದುಕೊಂಡಳು. ತಾನೇನು ಅಧಿಕಾರಿಯಲ್ಲ, ತನ್ನ ಮೇಜಿನ ಮೇಲೆ ಯಾರ ಅರ್ಜಿಯೂ ಇಲ್ಲ ಎಂದು ಒಂದು ತುಂಡು ಬಾಯಿಗೆ ಹಾಕಿಕೊಂಡಳು. ಈರಣ್ಣ ಡಬ್ಬಿಯನ್ನೂ ಹೆಂಡತಿಯನ್ನೂ ಸರದಿಯಲ್ಲಿ ನೋಡಿ, ಕೊನೆಗೆ ತೆಗೆದುಕೊಳ್ಳದಿರುವುದೇ ಮೇಲೆಂದು ನಿರ್ಧರಿಸಿದ.

ರುದ್ರಣ್ಣ ಹೋದ ಮೇಲೆ ಶಿವಲಿಂಗವ್ವ ಸೊಸೆಯನ್ನು ಹತ್ತಿರ ಕೂರಿಸಿಕೊಂಡು, ತಾಯಿಯಿಲ್ಲದ ಹುಡುಗ ಈಗ ಒಂದು ನೆಲೆಗೆ ನಿಲ್ಲುತ್ತಿದ್ದಾನೆ, ನಿನ್ನ ಕೈಯಿಂದ ಅವನಿಗೆ ಕೇಡಾಗದಿರಲಿ ಎಂದಳು. ನಿಯಮದ ಪ್ರಕಾರ ಏನಿದೆಯೋ ಅದನ್ನೇ ಮಾಡುತ್ತೇನೆ ಎಂದು ದಾಕ್ಷಾಯಣಿ ಹೇಳಿದಳು. ಆ ಉತ್ತರ ಅತ್ತೆಗೆ ರುಚಿಸಲಿಲ್ಲ.

ಮೈದಾನವಾದ ಮೇಲೆ ರಸ್ತೆಯ ಪರೀಕ್ಷೆ. ನಿಯಮದಂತೆ ದಾಕ್ಷಾಯಣಿ ಒಂದು ಲಾರಿಯೊಳಗೆ ಕುಳಿತು ಕಲಘಟಗಿಯ ಕಡೆ ಹೊರಟಳು. ತುರ್ತು ಬ್ರೇಕಿನ ಕೆಂಪು ಹಿಡಿಕೆ ಅವಳ ಕೈಯಳತೆಯಲ್ಲಿತ್ತು. ಅದರ ಅಗತ್ಯವೇ ಬೀಳಲಿಲ್ಲ. ಲಾರಿ ಹೊಸ ಸೊಸೆಯ ಹಾಗೆ ತಲೆತಗ್ಗಿಸಿ ನಡೆಯಿತು. ಕಲಘಟಗಿ ದಾಟಿ ಸ್ವಲ್ಪ ದೂರ ಹೋದದ್ದೇ, ಯಾರೂ ಹೇಳದೆ ಎಡಕ್ಕೆ ಸರಿದು, ಒಂದು ಬ್ಯೂಟಿ ಪಾರ್ಲರಿನ ಮುಂದೆ ನಿಂತು, ಎರಡು ಸಲ ಸಣ್ಣಗೆ, ಒಂದು ಸಲ ಉದ್ದಕ್ಕೆ ಹಾರ್ನ್ ಹಾಕಿ, ಬಾಗಿಲು ತೆರೆಯಿತು.

ಪಾರ್ಲರಿನೊಳಗಿಂದ ಮುಖಕ್ಕೆ ಹಸಿರು ಲೇಪ ಬಳಿದುಕೊಂಡಿದ್ದ ಗಿರಾಕಿಯೊಬ್ಬಳು ಗಾಬರಿಯಿಂದ ಇಣುಕಿದಳು. ಅವಳ ಹಿಂದೆಯೇ ಪಾರ್ಲರಿನ ಒಡತಿ, ಕಸ್ತೂರಿ ಎಂಬವಳು, ಕೈಯಲ್ಲಿ ಬಾಚಣಿಗೆ ಹಿಡಿದೇ ಬಂದಳು. ಲಾರಿಯ ಬಣ್ಣ ನೋಡಿ ಒಂದು ಕ್ಷಣ ತಡೆದಳು. ಮತ್ತೆ ಸಿಟ್ಟು ಬಂತು.

"ಬಣ್ಣ ಬ್ಯಾರೆ ಬಳಕೊಂಡು ಬಂದ್ರೇನು, ಹಾರ್ನ್ ಅದ ಐತಲ್ಲ?" ಎಂದಳು. "ಇಲ್ಲಿ ಚಾದಂಗಡಿ ಇಲ್ಲ ಅಂತ ಎಷ್ಟ ಸಲ ಹೇಳಬೇಕ್ರಿ ನಿಮಗ?"

ದಾಕ್ಷಾಯಣಿ ಇಳಿದು, ತಾನು ಲಾರಿಯವಳಲ್ಲ, ಸರ್ಕಾರದವಳು ಎಂದು ಹೇಳಿ ಸಮಾಧಾನ ಮಾಡಿದ ಮೇಲೆ ವಿಷಯ ತಿಳಿಯಿತು. ಹಿಂದೆ ಅಲ್ಲಿ ಚಹಾದ ಅಂಗಡಿಯಿತ್ತು. ಅದು ಹೋಗಿ ಪಾರ್ಲರ್ ಆದ ಮೇಲೂ ನೀಲಿ ಬಣ್ಣದ ಲಾರಿಗಳು ದಿನಾಲೂ ಬಂದು ನಿಂತು, ಹಾರ್ನ್ ಹಾಕಿ, ಬಾಗಿಲು ತೆರೆದು, ಯಾರೂ ಚಹಾ ತರದಿದ್ದಾಗ ಬಾಗಿಲು ಮುಚ್ಚಿಕೊಂಡು ಹೋಗುತ್ತಿದ್ದವಂತೆ. ಒಮ್ಮೆ ಮದುಮಗಳ ಹುಬ್ಬು ತೀಡುತ್ತಿರುವಾಗ ಹಾರ್ನ್ ಕೇಳಿ ಕೈ ಜಾರಿ, ಆ ಮದುಮಗಳು ಮದುವೆಯುದ್ದಕ್ಕೂ ಯಾವುದನ್ನೋ ಕಂಡು ಬೆರಗಾದವಳಂತೆ ಕೂರಬೇಕಾಯಿತಂತೆ. ಆ ಕಂಪನಿ ಬಂದ್ ಆಯಿತೆಂದು ಕೇಳಿ ತಾನು ತೆಂಗಿನಕಾಯಿ ಒಡೆದಿದ್ದಾಗಿ ಹೇಳಿದಳು ಕಸ್ತೂರಿ. ಕಂಪನಿಯ ಹೆಸರು ಗರುಡರೇಖಾ ರೋಡ್‌ಲೈನ್ಸ್.

ಗರುಡರೇಖಾ ಹೆಸರು ಕೇಂದ್ರದಲ್ಲಿ ಎಲ್ಲರಿಗೂ ಗೊತ್ತು. ಅದರ ಲಾರಿಯೊಂದು ಅರಬೈಲ್ ಘಟ್ಟದಲ್ಲಿ ಬ್ರೇಕ್ ಸೋತು ಬಸ್ಸಿಗಾಗಿ ಜನ ಕಾಯುತ್ತಿದ್ದ ತಂಗುದಾಣದ ಮೇಲೆ ಬಿದ್ದಿತ್ತು. ಜೀವ ಹೋಗಲಿಲ್ಲ, ಇಬ್ಬರ ಕಾಲು ಹೋದವು. ವಿಚಾರಣೆ ತಿಂಗಳುಗಟ್ಟಲೆ ನಡೆದು ಕಂಪನಿಯ ನೋಂದಣಿ ರದ್ದಾಗಿತ್ತು. ಕಾಗದದ ಮೇಲೆ ಅದರ ಮಾಲೀಕರು ಬೆಳಗಾವಿಯ ಒಬ್ಬ ಮುದುಕರು. ವಿಚಾರಣೆಗೆ ಕರೆಸಿದಾಗ ಅವರು ತಮ್ಮನ್ನು ಪಿಂಚಣಿಯ ಸಲುವಾಗಿ ಕರೆಸಿದ್ದಾರೆಂದು ತಿಳಿದಿದ್ದರು.

ರುದ್ರಣ್ಣನನ್ನು ಕೇಳಿದ್ದಕ್ಕೆ ಅವನು ನಕ್ಕುಬಿಟ್ಟ. ಲಾರಿಗಳು ಹೊಸವು, ಅವುಗಳ ಬುದ್ಧಿ ಮಾತ್ರ ಸಂತೆಯಲ್ಲಿ ಸಿಗುವಂಥದ್ದು, ಯಾವ ಯಾವ ಲಾರಿ ಕಲಿತದ್ದು ಯಾವ ಯಾವುದಕ್ಕೆ ಸೇರಿದೆಯೋ ಯಾರಿಗೆ ಗೊತ್ತು ಎಂದ. "ಚಾ ಕುಡಿಯೂದು ಗುನ್ನೆ ಏನ್ರಿ ವೈನಿ?" ಎಂದೂ ಕೇಳಿದ.

ಮರುದಿನ ಅವಳು ಪ್ರಯೋಗಶಾಲೆಗೆ ಹೋದಳು. ಅಲ್ಲಿಯ ವಿಜ್ಞಾನಿ ಇಮಾಮಸಾಬ್ ನದಾಫ್, ತೆಳ್ಳಗೆ ಎತ್ತರದ ಮನುಷ್ಯ, ಯಾವಾಗಲೂ ಏನನ್ನೋ ಬಿಚ್ಚಿ ಮೇಜಿನ ತುಂಬ ಹರಡಿಕೊಂಡಿರುವವರು. ಅವರು ವಿಷಯ ಕೇಳಿ ಖುಷಿಯಿಂದ ಎದ್ದು ನಿಂತರು. ಲಾರಿಗೆ ಎರಡು ಬಗೆಯ ನೆನಪಿದೆ ಎಂದು ವಿವರಿಸಿದರು. ಒಂದು ದಾಖಲೆ ಪೆಟ್ಟಿಗೆ: ಎಲ್ಲಿಗೆ ಹೋದೆ, ಎಷ್ಟು ವೇಗ, ಯಾರಿಗೆ ಡಿಕ್ಕಿ, ಎಲ್ಲ ಅದರಲ್ಲಿರುತ್ತದೆ. ಅದನ್ನು ಕಿತ್ತು ಹೊಸದು ಹಾಕಬಹುದು, ಮಾಲೀಕರು ಹಾಕುತ್ತಾರೆ. ಇನ್ನೊಂದು ರೂಢಿ. ಈ ಲಾರಿಗಳು ಮೊದಲು ಮನುಷ್ಯ ಚಾಲಕರು ಓಡಿಸುವುದನ್ನು ನೋಡಿ ನೋಡಿ ಕಲಿತವು, ಆಮೇಲೆ ಒಂದು ಕಂಪನಿಯ ಲಾರಿ ಕಲಿತದ್ದನ್ನು ಆ ಕಂಪನಿಯ ಉಳಿದ ಲಾರಿಗಳಿಗೂ ಹಂಚಿದರು. ಹಾಗೆ ಕಲಿತದ್ದು ಒಂದು ಜಾಗದಲ್ಲಿಲ್ಲ, ಹಿಟ್ಟಿನಲ್ಲಿ ಉಪ್ಪು ಬೆರೆತ ಹಾಗೆ ಇಡೀ ಬುದ್ಧಿಯಲ್ಲಿ ಬೆರೆತಿದೆ. ಉಪ್ಪನ್ನಷ್ಟೇ ತೆಗೆಯಲು ಹೋದರೆ ಲಾರಿ ಓಡುವುದನ್ನೇ ಮರೆಯುತ್ತದೆ.

"ಎಲ್ಲಿಗೆ ಹೋಗಿದ್ದೆ ಅನ್ನೂದು ಅದಕ್ಕ ಗೊತ್ತಿಲ್ಲ ಮೇಡಂ. ಹೆಂಗ ಹೋಗ್ತಿದ್ದೆ ಅನ್ನೂದು ಗೊತ್ತೈತಿ" ಎಂದರು ನದಾಫರು.

ಲಾರಿಯನ್ನು ತಿರುಗುವ ಉರುಳೆಗಳ ಮೇಲೆ ನಿಲ್ಲಿಸಿದರು. ಚಕ್ರ ಎಷ್ಟು ತಿರುಗಿದರೂ ಲಾರಿ ಇದ್ದಲ್ಲೇ ಇರುತ್ತದೆ. ಎದುರಿನ ಪರದೆಯ ಮೇಲೆ ರಸ್ತೆಯ ಚಿತ್ರ ಓಡುತ್ತದೆ. ನದಾಫರು ಮಗಳ ಶಾಲೆಯ ನಾಟಕದ ಖಾಕಿ ಅಂಗಿ, ಟೋಪಿ ಹಾಕಿಕೊಂಡು ಪರದೆಯ ಮುಂದೆ ನಿಂತರು. ಅವರನ್ನು ಕಂಡದ್ದೇ ಲಾರಿ ದೀಪ ಆರಿಸಿ, ಸದ್ದಿಲ್ಲದೆ ಮುಂದಿನ ಚಕ್ರಗಳನ್ನು ಎಡಕ್ಕೆ ತಿರುಗಿಸಿ, ಅಲ್ಲಿ ಇಲ್ಲದ ಒಂದು ಒಳದಾರಿಗೆ ಹೋಗಲು ಹೆಣಗಾಡಿತು. ಅವರು ಖಾಕಿ ತೆಗೆದು ಬಿಳಿ ಅಂಗಿ, ಕಪ್ಪು ಕನ್ನಡಕ ಹಾಕಿಕೊಂಡು ಕೈಯಡ್ಡ ಮಾಡಿದರು. ಈ ಸಲ ಲಾರಿ ಗೌರವದಿಂದ ನಿಂತು, ಕಿಟಕಿಯ ಪಕ್ಕದ ಸಣ್ಣ ಡಬ್ಬಿಯ ಮುಚ್ಚಳ ತಾನೇ ತೆರೆದು ಅವರ ಕಡೆಗೆ ಚಾಚಿತು. ಸಾಹೇಬರ ಮಾಮೂಲು ಇಡುವ ಡಬ್ಬಿ ಖಾಲಿಯಿತ್ತು. ನದಾಫರು ಕೈ ಹಾಕಿ ನೋಡಿ, ಸ್ವಲ್ಪ ನಿರಾಸೆಯಿಂದಲೇ ಕೈ ತೆಗೆದರು.

ದಾಕ್ಷಾಯಣಿಗೆ ನಗು ತಡೆಯಲಾಗಲಿಲ್ಲ. ಇಷ್ಟು ಸಾಕಲ್ಲವೇ ಎಂದಳು. ಸಾಲದು ಎಂದರು ನದಾಫರು. ಖಾಕಿಗೆ ಹೆದರುವ, ಬಿಳಿ ಅಂಗಿಗೆ ಡಬ್ಬಿ ತೆರೆಯುವ ಗುಣ ಎಷ್ಟೋ ಕಂಪನಿಗಳ ಲಾರಿಗಳಿಗಿದೆ. ಚಹಾದ ಅಂಗಡಿಗೂ ಹತ್ತಾರು ಲಾರಿಗಳು ಹೋಗುತ್ತಿದ್ದಿರಬಹುದು. ಇವು ಗರುಡರೇಖಾ ಲಾರಿಗಳೇ ಎನ್ನಲು ಅವು ಮಾತ್ರ ಕಲಿತಿರಬಹುದಾದ ಒಂದು ಗುಣ ಬೇಕು. ಅದು ಸಿಗುವುದಿದ್ದರೆ ಅರಬೈಲಿನ ಆ ತಿರುವಿನಲ್ಲಿ. ಅಲ್ಲಿ ಬಿದ್ದ ಪೆಟ್ಟು ಇಡೀ ಕಂಪನಿಯ ಲಾರಿಗಳಿಗೆ ಹಂಚಿಹೋಗಿರಬೇಕು.

ಘಟ್ಟದ ಚಿತ್ರವನ್ನು ಪರದೆಯ ಮೇಲೆ ತೋರಿಸಿ ನೋಡಿದರು. ಉಪಯೋಗವಾಗಲಿಲ್ಲ. ತಾನು ಸಮತಟ್ಟು ನೆಲದ ಮೇಲಿದ್ದೇನೆಂದು ಲಾರಿಯ ತಳದ ಮಾಪಕಕ್ಕೆ ಗೊತ್ತಿತ್ತು. ಅದು ಸಿನಿಮಾ ನೋಡುವವರ ಹಾಗೆ ಸುಮ್ಮನೆ ನಿಂತಿತು. ಕೇಂದ್ರದ ಮೈದಾನವಂತೂ ಅಂಗೈಯಷ್ಟು ಚಪ್ಪಟೆ. ಘಟ್ಟಕ್ಕೇ ಹೋಗಬೇಕು.

ತಿಂಗಳ ಕೊನೆ ಹತ್ತಿರ ಬಂದಿತ್ತು. ಅನಿಲದ ಪರವಾನಗಿಗೆ ಘಟ್ಟದ ಪರೀಕ್ಷೆ ಬೇಕೆಂದು ದಾಕ್ಷಾಯಣಿ ಬರೆದ ದಿನವೇ ಅದು ಶಿವಲಿಂಗವ್ವನ ಕಿವಿಗೂ ಬಿತ್ತು. ಊಟದ ಹೊತ್ತಿಗೆ ಅತ್ತೆ ಸೊಸೆಯೊಡನೆ ಮಾತು ಬಿಟ್ಟಳು. ಹೇಳಬೇಕಾದ್ದನ್ನೆಲ್ಲ ಮಗನಿಗೆ ಹೇಳಿದಳು: ಪಲ್ಯಕ್ಕೆ ಉಪ್ಪು ಕಡಿಮೆ ಎಂದು ಅವರಿಗೆ ಹೇಳು, ಮೈದಾನದಲ್ಲಿ ಪಾಸಾದ ಲಾರಿಯನ್ನು ಮತ್ತೆ ಯಾಕೆ ಗೋಳುಹೊಯ್ದುಕೊಳ್ಳುತ್ತಾರೆ ಎಂದು ಅವರನ್ನು ಕೇಳು. ಈರಣ್ಣ ಮೇಜಿನ ಈ ಕಡೆಯ ಮಾತನ್ನು ಆ ಕಡೆಗೆ, ಆ ಕಡೆಯದನ್ನು ಈ ಕಡೆಗೆ ದಾಟಿಸುತ್ತ ಊಟ ಮಾಡುವುದನ್ನೇ ಮರೆತ. ಆ ದಿನ ದಾಕ್ಷಾಯಣಿಗೂ ಸರಿಯಾಗಿ ಅನ್ನ ಇಳಿಯಲಿಲ್ಲ. ತನ್ನ ಅನುಮಾನ ಸುಳ್ಳಾದರೆ ಮನೆಯಲ್ಲಿ ಮುಖವೆತ್ತುವಂತಿಲ್ಲ. ನಿಜವಾದರೂ ಎತ್ತುವಂತಿಲ್ಲ.

ರುದ್ರಣ್ಣ ಮಾತ್ರ ಕುಗ್ಗಲಿಲ್ಲ. ದಾಖಲೆ ಪೆಟ್ಟಿಗೆ ಬದಲಿಸಿದ ಪುಣೆಯ ತಂತ್ರಜ್ಞರು ಎಲ್ಲ ಸ್ವಚ್ಛವಾಗಿದೆ ಎಂದು ಅವನಿಗೆ ಮಾತು ಕೊಟ್ಟಿದ್ದರು. ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದು, ನಾನೂ ಲಾರಿಯಲ್ಲೇ ಕೂರುತ್ತೇನೆ, ನನ್ನ ಲಾರಿಯ ಮೇಲೆ ನನಗೆ ಅಷ್ಟು ಭರವಸೆಯಿದೆ ಎಂದ. ಟ್ಯಾಂಕರಿನಲ್ಲಿ ಅನಿಲದ ಬದಲು ಅಷ್ಟೇ ತೂಕದ ನೀರು ತುಂಬಿಸಿದ್ದರು. ನದಾಫರ ಜೀಪು ಕೆಂಪು ಬಾವುಟ ಕಟ್ಟಿಕೊಂಡು ಹಿಂದೆ ಹೊರಟಿತು. ಕಸ್ತೂರಿಯ ಪಾರ್ಲರಿನ ಮುಂದೆ ಲಾರಿ ನಿಂತು ಹಾರ್ನ್ ಹಾಕಿದಾಗ ರುದ್ರಣ್ಣ ಕಿಟಕಿಯಿಂದ ಆ ಕಡೆ ನೋಡುತ್ತ, ಈ ಕಡೆ ಮಳೆ ಹೇಗೆ ಎಂದು ವೈನಿಯನ್ನು ವಿಚಾರಿಸಿದ.

ಯಲ್ಲಾಪುರ ದಾಟಿದ ಮೇಲೆ ಕಾಡು ದಟ್ಟವಾಯಿತು. ರಸ್ತೆ ಕೆಳಮುಖವಾಯಿತು. ಇಳುಕಲಿನ ಮೊದಲ ಫಲಕ ದಾಟಿದ್ದೇ ಲಾರಿಯ ಎಂಜಿನ್ನಿನ ಗುರುಗುಟ್ಟುವಿಕೆ ಥಟ್ಟನೆ ನಿಂತುಹೋಯಿತು. ಗಾಳಿಯ ಸದ್ದು ಮಾತ್ರ ಉಳಿಯಿತು. ಲಾರಿ ಗೇರ್ ಬಿಟ್ಟು, ನ್ಯೂಟ್ರಲ್‌ನಲ್ಲಿ, ತನ್ನ ಭಾರಕ್ಕೆ ತಾನೇ ಉರುಳತೊಡಗಿತ್ತು. ಹೀಗೆ ಉರುಳಿಸಿದರೆ ಇಂಧನ ಉಳಿಯುತ್ತದೆ. ಆದರೆ ಗೇರಿನ ಹಿಡಿತವಿಲ್ಲದೆ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ, ಬ್ರೇಕ್ ಕಾದು ಕೆಂಪಗಾಗಿ ಹಿಡಿಯುವುದನ್ನು ಬಿಟ್ಟುಬಿಡುತ್ತದೆ. ಗರುಡರೇಖಾ ಲಾರಿಗೆ ಆದದ್ದೂ ಅದೇ.

ದಾಕ್ಷಾಯಣಿ ರುದ್ರಣ್ಣನ ಮುಖ ನೋಡಿದಳು. ಅವನು ಆ ಸದ್ದು ನಿಂತದ್ದನ್ನು ಅವಳಿಗಿಂತ ಮೊದಲೇ ಗುರುತಿಸಿದ್ದ. ಹಣೆ ಬೆವರಿತ್ತು.

"ಇದನ್ನ ಯಾರು ಕಲಿಸಿದ್ರು ಇವಕ್ಕ?" ಎಂದು ಕೇಳಿದಳು.

ವೇಗ ಏರಿತು. ಮರಗಳು ಒಂದರ ಮೇಲೊಂದು ಬೀಳುವಂತೆ ಹಿಂದೆ ಸರಿದವು. ಮೊದಲ ತಿರುವಿನಲ್ಲಿ ಬ್ರೇಕ್ ಕಿರುಗುಟ್ಟಿತು, ಎರಡನೆಯದರಲ್ಲಿ ಸುಟ್ಟ ವಾಸನೆ ಒಳಗೆ ಬಂತು. ದಾಕ್ಷಾಯಣಿ ಕೆಂಪು ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದಳು. ರುದ್ರಣ್ಣ ಸೀಟಿನ ಅಂಚು ಹಿಡಿದುಕೊಂಡು, ಅವಳಿಗೆ ಕೇಳಿಸದಷ್ಟು ಮೆಲ್ಲಗೆ ಮನೆದೇವರ ಹೆಸರು ಹೇಳತೊಡಗಿದ. ಅವಳಿಗೆ ಕೇಳಿಸುತ್ತಲೇ ಇತ್ತು. ಅವಳು ಹಿಡಿಕೆ ಎಳೆಯುವಷ್ಟರಲ್ಲಿ ಲಾರಿ ತಾನಾಗಿಯೇ ಗೇರಿಗೆ ಬಿತ್ತು, ನಡುಗಿತು, ಎಲ್ಲ ದೀಪಗಳನ್ನೂ ಮಿನುಗಿಸುತ್ತ ಆಮೆಯ ವೇಗಕ್ಕೆ ಇಳಿದು, ಒಂದು ತಿರುವಿನಲ್ಲಿ ಪೂರ್ತಿ ನಿಂತುಬಿಟ್ಟಿತು.

ರಸ್ತೆಯಾಚೆ ಹೊಸದಾಗಿ ಕಟ್ಟಿದ ಬಸ್ ತಂಗುದಾಣವಿತ್ತು. ಮೂರ್ನಾಲ್ಕು ಜನ ಬಸ್ಸಿಗಾಗಿ ಕೂತಿದ್ದರು. ಲಾರಿ ಅವರ ಕಡೆ ಒಮ್ಮೆ ಮೆಲ್ಲಗೆ ಹಾರ್ನ್ ಮಾಡಿತು.

ಹೋಗು ಎಂದು ರುದ್ರಣ್ಣ ಲಾರಿಗೆ ಹೇಳಿದ. ಲಾರಿ ಹೋಗಲಿಲ್ಲ. ಮುಂದಿನ ಗುಂಡಿ ಒತ್ತಿದ, ಇನ್ನೊಂದು ಒತ್ತಿದ. ಲಾರಿ ಕದಲಲಿಲ್ಲ. ಹಿಂದಿನಿಂದ ನದಾಫರು ಜೀಪಿನಿಂದಿಳಿದು ಓಡಿ ಬಂದು, ಎಲ್ಲರೂ ಕ್ಷೇಮವೇ ಎಂದು ನೋಡಿ, ಆಮೇಲೆ ಸಂತೋಷ ತಡೆಯಲಾರದೆ ಲಾರಿಯ ಬಾಗಿಲು ತಟ್ಟಿದರು. ಅವರು ಹುಡುಕುತ್ತಿದ್ದದ್ದು ಸಿಕ್ಕಿತ್ತು.

ತಂಗುದಾಣದಿಂದ ಊರುಗೋಲು ಹಿಡಿದ ಒಬ್ಬ ಗಂಡಸು ಎದ್ದು ರಸ್ತೆಯಂಚಿಗೆ ಬಂದ. "ಹೆದರಬೇಡಿ, ಇವು ಹೀಗೇ ನಿಲ್ತವೆ" ಎಂದ. "ನಾವು ಕೈ ಬೀಸಿದ ಮೇಲೇ ಹೋಗೋದು. ಮೊದಲು ನೀಲಿ ಬಣ್ಣದವು ಬರ್ತಿದ್ದವು, ಮಧ್ಯೆ ಇರಲಿಲ್ಲ. ಈಗ ಬಿಳಿ ಮಾಡಿದಾರಾ?"

ರುದ್ರಣ್ಣ ಲಾರಿಯಿಂದಿಳಿದ. ತಿರುವನ್ನು, ಕೆಳಗಿನ ಕಣಿವೆಯನ್ನು, ತಂಗುದಾಣವನ್ನು ನೋಡಿದ. ಅಪಘಾತವಾದಾಗ ಅವನು ಬೆಳಗಾವಿಯಲ್ಲಿ ಕೂತು ಫೋನಿನಲ್ಲಿ ಎಲ್ಲ ಸಂಬಾಳಿಸಿದ್ದ. ಈ ಜಾಗಕ್ಕೆ ಬಂದಿರಲೇ ಇಲ್ಲ. ಅವನು ಯಾರೆಂದು ತಿಳಿಯದ ಆ ಜನ, ಪಾಪ ಘಟ್ಟದಲ್ಲಿ ತಲೆಸುತ್ತು ಬಂದಿರಬೇಕೆಂದು ಸರಿದು ಜಾಗ ಕೊಟ್ಟು, ಕೂರಲು ಹೇಳಿದರು. ಒಬ್ಬ ಹೆಂಗಸು ನೀರಿನ ಬಾಟಲಿ ಕೊಟ್ಟಳು. ರುದ್ರಣ್ಣ ನೀರು ಕುಡಿದು, ಊರುಗೋಲಿನವನ ಕಾಲಿನ ಕಡೆ ನೋಡಿದ. ಕೇಳದೆಯೇ ಆ ಮನುಷ್ಯ ಹೇಳಿದ. ಆ ದಿನ ತಾನು ಕುಮಟೆಗೆ ಮಗಳ ಮನೆಗೆ ಹೊರಟವನು, ಲಾರಿ ಬಂದದ್ದು ಸದ್ದೇ ಆಗಲಿಲ್ಲ, ಎಂಜಿನ್ ಸದ್ದಿದ್ದರೆ ಏಳುತ್ತಿದ್ದನಂತೆ. ಸಿಟ್ಟಿಲ್ಲದೆ, ಹವಾಮಾನದ ವಿಷಯ ಹೇಳುವವನಂತೆ ಹೇಳಿ, ಲಾರಿಗೆ ಕೈ ಬೀಸಿದ. ಲಾರಿ ಮೆಲ್ಲಗೆ ಗೇರಿನಲ್ಲೇ ಮುಂದೆ ಸರಿಯಿತು.

ಹಿಂದಿರುಗುವ ದಾರಿಯಲ್ಲಿ ರುದ್ರಣ್ಣ ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು ಕೂತಿದ್ದ. ಯಲ್ಲಾಪುರ ಬಂದ ಮೇಲೆ ಹೇಳಿದ:

"ನ್ಯೂಟ್ರಲ್‌ನ್ಯಾಗ ಇಳಸ್ರಿ ಅಂತ ಡ್ರೈವರ್‌ಗೊಳಿಗೆ ಹೇಳಿದಾಂವ ನಾನ ವೈನಿ. ಲಾರಿ ಕಲಿತಾವ ಅಂತ ಗೊತ್ತಿರಲಿಲ್ಲ."

ದಾಕ್ಷಾಯಣಿ ತಕರಾರು ಬರೆದಳು. ಬೆಳ್ಳಿಚುಕ್ಕಿಯ ನೋಂದಣಿ ನಿಂತಿತು. ರುದ್ರಣ್ಣ ವಾದ ಮಾಡಲಿಲ್ಲ; ಗರುಡರೇಖಾ ತನ್ನದೇ ಎಂದು ಒಪ್ಪಿ ಸಹಿ ಹಾಕಿದ. ಮನೆಯಲ್ಲಿ ಏನಾಗುವುದೋ ಎಂದು ಈರಣ್ಣ ಆ ದಿನ ಕಾಲೇಜಿನಲ್ಲೇ ಹೆಚ್ಚು ಹೊತ್ತು ಉಳಿದ. ಶಿವಲಿಂಗವ್ವ ರುದ್ರಣ್ಣನನ್ನು ಕರೆಸಿ, ಎಂದಿನಂತೆ ಬಿಸಿ ರೊಟ್ಟಿ, ಎಣಗಾಯಿ ಬಡಿಸಿದಳು. ಅವನು ಉಣ್ಣುವಾಗ ಎದುರು ಕೂತಳು. ಬಯ್ಯುತ್ತಾಳೆಂದು ಅವನು ಕಾದ.

"ಆ ಮನಿಷ್ಯಾನ ಕಾಲು ನೋಡಿದಿ?" ಎಂದಳು ಕೊನೆಗೆ.

ನೋಡಿದೆ ಎಂದು ತಲೆಯಾಡಿಸಿದ. ಶಿವ ಶಿವ ಎಂದು ಅವಳು ಎದ್ದು ಒಳಗೆ ಹೋದಳು. ರೊಟ್ಟಿ ಅವನ ತಟ್ಟೆಯಲ್ಲೇ ಉಳಿಯಿತು. ಆಮೇಲೆ ಒಳಗಿಂದ ಸೊಸೆಯನ್ನು ಕೂಗಿ, ನೀನೂ ಬಾ, ಎರಡು ತುತ್ತು ಉಣ್ಣು, ಬೆಳಗಿನಿಂದ ಹಸಿದಿದ್ದೀ ಎಂದಳು. ನೇರವಾಗಿ, ಮಗನ ಮೂಲಕವಲ್ಲ.

ಕೆಲವು ದಿನ ಬಿಟ್ಟು ರುದ್ರಣ್ಣ ಕೇಂದ್ರಕ್ಕೆ ಬಂದು, ಲಾರಿಗಳ ರೂಢಿ ತಿದ್ದಲು ದಾರಿಯಿದೆಯೇ ಎಂದು ನದಾಫರನ್ನು ಕೇಳಿದ. ಅಳಿಸಲಾಗದು, ಆದರೆ ಹಳೆಯ ರೂಢಿಯ ಮೇಲೆ ಹೊಸದನ್ನು ಹಾಕಬಹುದು ಎಂದರು ಅವರು. ಒಬ್ಬ ಮನುಷ್ಯ ಲಾರಿಯನ್ನು ಅದೇ ಘಟ್ಟದಲ್ಲಿ, ಸರಿಯಾದ ಗೇರಿನಲ್ಲಿ, ಅದು ಕಲಿಯುವವರೆಗೆ ಮತ್ತೆ ಮತ್ತೆ ಇಳಿಸಬೇಕು. ಆದರೆ ಲಾರಿ ಓಡಿಸಲು ಬರುವವರು ಈಗ ಎಲ್ಲಿದ್ದಾರೆ? ಹುಡುಕಿದಾಗ ಸಿಕ್ಕಿದ ಒಬ್ಬ ವಯಸ್ಸಾದ ಚಾಲಕರು ಸೀಟಿನಲ್ಲಿ ಕೂತದ್ದೇ ಇಳುಕಲು ಕಂಡು ರೂಢಿಯಂತೆ ನ್ಯೂಟ್ರಲ್‌ಗೆ ಹಾಕಿಬಿಟ್ಟರು. ಕೊನೆಗೆ ರುದ್ರಣ್ಣನೇ ಕೂತ. ಹರೆಯದಲ್ಲಿ ಒಂದೆರಡು ವರ್ಷ ಲಾರಿ ಹೊಡೆದಿದ್ದ, ಲೈಸೆನ್ಸ್ ಇತ್ತು.

ಮೊದಲ ದಿನ ಅವನು ಘಟ್ಟದ ನೆತ್ತಿಯಲ್ಲಿ ಅರ್ಧ ಗಂಟೆ ನಿಂತು, ನದಾಫರು ಜೀಪಿನಿಂದ ಇಳಿದು ಬಂದು ಬೆನ್ನು ತಟ್ಟಿದ ಮೇಲೆ ಹೊರಟ. ಇಳಿಯುವಾಗ ಉದ್ದಕ್ಕೂ "ನಿಧಾನ, ನಿಧಾನ ನನ್ನಪ್ಪಾ" ಎಂದು ಲಾರಿಗೆ ಹೇಳುತ್ತಿದ್ದ. ನೋಂದಣಿಯಿಲ್ಲದೆ ಒಂದು ಲಾರಿ ಕಲಿತದ್ದನ್ನು ಉಳಿದವಕ್ಕೆ ಹಂಚುವಂತಿರಲಿಲ್ಲವಾದ್ದರಿಂದ ತಿಂಗಳುಗಟ್ಟಲೆ, ಒಂದಾದ ಮೇಲೊಂದು ಲಾರಿಯನ್ನು ಹಾಗೆಯೇ ಇಳಿಸಿದ. ಮೈ ಕರಗಿತು. ತಂಗುದಾಣದ ಎದುರು ಪ್ರತಿ ಸಲ ನಿಲ್ಲಿಸಿ ಇಳಿಯುತ್ತಿದ್ದ; ಅಲ್ಲಿ ಊರುಗೋಲಿನವನ ಜೊತೆ ಏನು ಮಾತಾಡಿದ, ತಾನು ಯಾರೆಂದು ಯಾವಾಗ ಹೇಳಿದ ಎಂಬುದನ್ನು ಯಾರಿಗೂ ಹೇಳಲಿಲ್ಲ. ಆ ಮನುಷ್ಯ ಹಲವು ವಾರ ಅವನು ಬಂದಾಗ ಎದ್ದು ಹೋಗುತ್ತಿದ್ದನೆಂದೂ, ಆಮೇಲೆ ಹೋಗುವುದನ್ನು ಬಿಟ್ಟನೆಂದೂ ನದಾಫರು ದಾಕ್ಷಾಯಣಿಗೆ ಹೇಳಿದರು.

ಮುಂದಿನ ಸಲ ಅರ್ಜಿ ಬಂದಾಗ ಕಂಪನಿಯ ಹೆಸರು ಗರುಡರೇಖಾ ಎಂದೇ ಇತ್ತು, ಹಳೆಯ ಅಪಘಾತಗಳೆಲ್ಲ ಅದರ ಜೊತೆಗಿದ್ದವು. ಮುಖ್ಯಾಧಿಕಾರಿ, ಇಂಥ ಅರ್ಜಿ ತಮ್ಮ ಸೇವಾವಧಿಯಲ್ಲೇ ನೋಡಿಲ್ಲ, ತಪ್ಪಿ ಕಳಿಸಿದ್ದಾರೇನೋ ವಿಚಾರಿಸಿ ಎಂದರು.

ಪರೀಕ್ಷೆಯ ದಿನ ಬೆಳಿಗ್ಗೆ ಬಿಸಿಲು ಚೆನ್ನಾಗಿತ್ತು. ದಾಕ್ಷಾಯಣಿ ಕೆಂಪು ಹಿಡಿಕೆಯ ಪಕ್ಕ ಕೂತಳು, ರುದ್ರಣ್ಣ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಆ ಬದಿಗೆ. ಲಾರಿಯನ್ನು ಯಾರೂ ಮುಟ್ಟಲಿಲ್ಲ. ಇಳುಕಲಿನ ಫಲಕ ಕಂಡದ್ದೇ ಅದು ಕೆಳಗಿನ ಗೇರಿಗೆ ಬಂತು, ಗುರುಗುಟ್ಟಿತು, ಇನ್ನೂ ಕೆಳಗಿನ ಗೇರಿಗೆ ಬಂತು. ತುಂಬಿದ ಟ್ಯಾಂಕರು ಬಸುರಿಯ ಹಾಗೆ ಒಂದೊಂದೇ ಹೆಜ್ಜೆ ಇಟ್ಟು ಘಟ್ಟ ಇಳಿಯತೊಡಗಿತು. ರುದ್ರಣ್ಣನಿಗೆ ಅಷ್ಟೂ ಸಾಲದೆ, ತಡೆಯಲಾರದೆ "ನಿಧಾನ ನನ್ನಪ್ಪಾ" ಎಂದುಬಿಟ್ಟ. ಆ ದನಿ ಕೇಳಿ ಲಾರಿ ಮತ್ತೊಂದು ಗೇರ್ ಇಳಿಸಿತು.

ಹಿಂದೆ ಸಾಲು ಬೆಳೆಯಿತು. ಕಾರು, ಬಸ್ಸು, ಮದುವೆಯ ದಿಬ್ಬಣದ ಮಿನಿಬಸ್ಸು, ಎಲ್ಲವೂ ಹಾರ್ನ್ ಹಾಕತೊಡಗಿದವು. ತಂಗುದಾಣದ ತಿರುವನ್ನು ಲಾರಿ ನಿಲ್ಲದೆ, ನಡೆಯುವವರ ವೇಗದಲ್ಲಿ ದಾಟಿತು. ಅಲ್ಲಿಂದ ಕೆಳಗೆ ರಸ್ತೆ ಸ್ವಲ್ಪ ಅಗಲವಾದಾಗ ಹುಬ್ಬಳ್ಳಿಯ ಬಸ್ಸೊಂದು ಭರ್ರನೆ ಪಕ್ಕಕ್ಕೆ ಬಂತು. ಬಸ್ಸಿನ ಚಾಲಕ ಕಿಟಕಿಯಿಂದ ತಲೆ ಹಾಕಿ ಗದರಿಸಿದ:

"ಎಂಥಾ ಲಾರಿ ಐತ್ಲೇ ಇದು? ಇದಕ್ಕ ಹಿಂಗ ಓಡೂದು ಕಲಿಸಿದಾಂವ ಯಾಂವ?"

ರುದ್ರಣ್ಣ ಕಿಟಕಿಯ ಗಾಜು ಪೂರ್ತಿ ಇಳಿಸಿ, ಅರ್ಧ ಮೈ ಹೊರಗೆ ಹಾಕಿ ಕೂಗಿ ಹೇಳಿದ.

"ನಾನರೀ. ನಾನ ಕಲಿಸೇನಿ."